ಅಕ್ಷರ ಅದೇ ಆದರೂ ಅಚ್ಚಾದ ಮೆಜೂಜಾ ಏಕೆ ಸಲ್ಲದು?

ಪ್ರಶ್ನೆ: ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿದ್ದಾಗ ಯೆಹೂದಿ ಬೀದಿಯ ಹಳೆಯ ಮನೆಯೊಂದರ ಬಾಗಿಲ ಬಲಗಂಬದಲ್ಲಿ ಮೆಜೂಜಾ ಎಂಬ ಚಿಕ್ಕ ಡಬ್ಬಿಯನ್ನು ಕಂಡೆ. ಅದರೊಳಗೆ ಚರ್ಮದ ಮೇಲೆ ಕೈಯಿಂದ ಬರೆದ ಸುರುಳಿ ಇರುತ್ತದೆ ಎಂದು ತಿಳಿಯಿತು. ಊರಿಗೆ ಬಂದ ಮೇಲೆ ನೆನಪಿಗಿರಲಿ ಎಂದು ಆನ್‌ಲೈನಿನಲ್ಲಿ ಒಂದನ್ನು ತರಿಸಿದೆ. ಅದರೊಳಗಿದ್ದದ್ದು ಅಚ್ಚಾದ ಕಾಗದ. ಯೆಹೂದಿ ಪರಿಚಿತರೊಬ್ಬರು ಅದು ಮೆಜೂಜಾವೇ ಅಲ್ಲ ಎಂದರು. ಕೈಯಿಂದ ಬರೆದದ್ದೇ ಆದರೂ, ಬರೆಯುವಾಗ ತಕ್ಕ ಉದ್ದೇಶವಿಲ್ಲದಿದ್ದರೆ ಅದೂ ಸಲ್ಲದು ಎಂದರು. ಉದ್ದೇಶವೆಂಬುದು ಶಾಯಿಯೊಳಗೆ ಹೇಗೆ ಸೇರುತ್ತದೆ? ಸೇರಿದೆಯೋ ಇಲ್ಲವೋ ಎಂದು ಪರೀಕ್ಷಿಸುವವರು ಯಾರು? ನನ್ನ ಬಳಿಯ ಕಾಗದವನ್ನು ಎಸೆಯಬಹುದೇ?
(ಮೈಸೂರಿನ ಓದುಗರೊಬ್ಬರು)

ಉತ್ತರ: ನಿಮ್ಮ ಪರಿಚಿತರು ಹೇಳಿದ್ದು ಸರಿ. ಎರಡನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಉದ್ದೇಶವನ್ನು ಪರೀಕ್ಷಿಸಬಲ್ಲವರು ಯಾರೂ ಇಲ್ಲ. ಬರೆದವನ ಮಾತೇ ಅದಕ್ಕೆ ಸಾಕ್ಷಿ. ಈ ಸಂಗತಿಯನ್ನು ಯೆಹೂದಿ ಧರ್ಮಶಾಸ್ತ್ರ ಚೆನ್ನಾಗಿ ಬಲ್ಲದು. ಕಣ್ಣಿಗೆ ಕಾಣದ ಒಂದು ಸಂಗತಿಯ ಮೇಲೆ ಇಡೀ ಗ್ರಂಥದ ಸಿಂಧುತ್ವ ನಿಂತಿರುವುದರಿಂದಲೇ, ಆ ಸಂಗತಿಯನ್ನು ಬಾಯಿಮಾತಿಗೆ ತಂದು, ಕೆಲಸದ ಒಂದು ಹಂತವನ್ನಾಗಿ ಮಾಡಿ, ಕೊನೆಗೆ ಒಬ್ಬ ಮನುಷ್ಯನ ಪ್ರಾಮಾಣಿಕತೆಗೆ ಒಪ್ಪಿಸುವ ವ್ಯವಸ್ಥೆಯೊಂದನ್ನು ಅದು ಸುಮಾರು ಎರಡು ಸಾವಿರ ವರ್ಷಗಳಿಂದ ಕಟ್ಟಿಕೊಂಡು ಬಂದಿದೆ.

ಇದಕ್ಕೆ ಹೀಬ್ರೂ ಭಾಷೆಯಲ್ಲಿ ಬಳಸುವ ಪದ 'ಲಿಷ್ಮಾ'. ಪದಶಃ ಅರ್ಥ 'ಅದರ ಹೆಸರಿಗೆ'. ಕನ್ನಡದಲ್ಲಿ 'ಹೆಸರಿಗೆ ಮಾಡಿದ' ಎಂದರೆ ಮನಸ್ಸಿಲ್ಲದೆ, ತೋರಿಕೆಗಾಗಿ ಮಾಡಿದ ಎಂದಾಗುತ್ತದೆ. ಹೀಬ್ರೂವಿನಲ್ಲಿ ಅರ್ಥ ಇದಕ್ಕೆ ನೇರ ವಿರುದ್ಧ. ಯಾವ ವಸ್ತುವನ್ನು ಮಾಡುತ್ತಿದ್ದೇನೋ ಆ ವಸ್ತು ಏನಾಗಬೇಕೋ ಅದಕ್ಕಾಗಿಯೇ, ಬೇರೆ ಯಾವುದಕ್ಕಾಗಿಯೂ ಅಲ್ಲದೆ, ಮಾಡುವುದು ಲಿಷ್ಮಾ. ಇದನ್ನು ನಮ್ಮ 'ಸಂಕಲ್ಪ' ಎಂಬ ಪದದಿಂದ ಅನುವಾದಿಸುವ ಆಸೆ ನನಗೂ ಆದದ್ದುಂಟು. ಆದರೆ ಸಂಕಲ್ಪದಲ್ಲಿ ಕರ್ತೃವಿನ ಹೆಸರು, ಗೋತ್ರ, ದೇಶ, ಕಾಲ, ಅವನು ಬಯಸುವ ಫಲ ಎಲ್ಲವೂ ಬರುತ್ತವೆ. ಲಿಷ್ಮಾದಲ್ಲಿ ಬರೆಯುವವನ ಹೆಸರಾಗಲಿ ಬಯಕೆಯಾಗಲಿ ಬರುವುದಿಲ್ಲ. ಬರುವುದು ಆಗಬೇಕಾದ ವಸ್ತುವಿನ ಹೆಸರು ಮಾತ್ರ.

ಉದ್ದೇಶದ ಮಾತಿಗೆ ಹೋಗುವ ಮುನ್ನ ಕಣ್ಣಿಗೆ ಕಾಣುವ ಭಾಗವನ್ನು ನೋಡೋಣ. ಮೆಜೂಜಾದ ಸುರುಳಿಯಲ್ಲಿ ಬೈಬಲಿನ ಧರ್ಮೋಪದೇಶಕಾಂಡದ 6 ಮತ್ತು 11ನೆಯ ಅಧ್ಯಾಯಗಳಿಂದ ತೆಗೆದ ಎರಡು ಭಾಗಗಳಿರುತ್ತವೆ. ರೂಢಿಯಂತೆ 22 ಸಾಲು, 713 ಅಕ್ಷರ. ಸೇಫೆರ್ ತೋರಾ, ಅಂದರೆ ಪಂಚಗ್ರಂಥಗಳ ಪೂರ್ಣ ಸುರುಳಿಯಲ್ಲಿ, ಸಾಂಪ್ರದಾಯಿಕ ಎಣಿಕೆಯ ಪ್ರಕಾರ 3,04,805 ಅಕ್ಷರಗಳು. ಇವುಗಳನ್ನೂ, ಪ್ರಾರ್ಥನೆಯ ಹೊತ್ತಿನಲ್ಲಿ ತೋಳಿಗೂ ಹಣೆಯ ಮೇಲೂ ಕಟ್ಟಿಕೊಳ್ಳುವ ತೆಫಿಲಿನ್ ಎಂಬ ಕರಿಯ ಪೆಟ್ಟಿಗೆಗಳೊಳಗಿನ ಸುರುಳಿಗಳನ್ನೂ ಬರೆಯುವ ಲಿಪಿಕಾರನಿಗೆ ಸೋಫೆರ್ ಎಂದು ಹೆಸರು. ಅವನು ಬರೆಯುವುದು ತಿನ್ನಲು ಅನುಮತಿಯಿರುವ ಪ್ರಾಣಿಯ ಚರ್ಮದ ಮೇಲೆ. ಶಾಯಿಯನ್ನು ಮಾಚಿಕಾಯಿ, ಗೋಂದು ಮತ್ತು ಅನ್ನಭೇದಿಯಂಥ ಲವಣವನ್ನು ಸೇರಿಸಿ ಕಾಯಿಸಿ ಮಾಡುತ್ತಾರೆ. ಲೇಖನಿಯು ಯುರೋಪಿನ ಸಂಪ್ರದಾಯದವರಲ್ಲಿ ಟರ್ಕಿ ಕೋಳಿಯದೋ ಹೆಬ್ಬಾತಿನದೋ ಗರಿ; ಸ್ಪೇನ್ ಮತ್ತು ಪೂರ್ವದೇಶಗಳ ಸಂಪ್ರದಾಯದವರಲ್ಲಿ ಜೊಂಡಿನ ಕಡ್ಡಿ. ಬರೆಯುವ ಮೊದಲು ಶಾಯಿಯಿಲ್ಲದ ಮೊನೆಯಿಂದ ಚರ್ಮದ ಮೇಲೆ ಗೆರೆ ಕೊರೆದುಕೊಳ್ಳಬೇಕು. ಪ್ರತಿ ಅಕ್ಷರದ ಸುತ್ತಲೂ ಖಾಲಿ ಚರ್ಮ ಉಳಿದಿರಬೇಕು. ಒಂದಕ್ಕೊಂದು ತಾಗಿದರೆ ಎರಡೂ ಕೆಟ್ಟವು. ಸೇಫೆರ್ ತೋರಾ ಆದರೆ ಮೂಲಪ್ರತಿಯನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು, ಯಾವುದೇ ಆದರೂ ಪ್ರತಿ ಪದವನ್ನು ಬಾಯಲ್ಲಿ ಉಚ್ಚರಿಸಿಯೇ ಬರೆಯಬೇಕು.

ಅಕ್ಷರದ ಆಕಾರದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ನಿಮ್ಮ ಮೆಜೂಜಾದ ಮೊದಲ ಸಾಲೇ ಸಾಕು. 'ಯಿಸ್ರಾಏಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ' ಎಂಬ ಆ ಸಾಲಿನ ಕೊನೆಯ ಪದ 'ಎಹಾದ್', ಅಂದರೆ ಒಬ್ಬ. ಅದರ ಕೊನೆಯ ಅಕ್ಷರ ದಾಲೆತ್. ದಾಲೆತ್‌ಗೂ ರೇಶ್ ಎಂಬ ಅಕ್ಷರಕ್ಕೂ ಇರುವ ವ್ಯತ್ಯಾಸ ಬಲ ಮೂಲೆಯ ಒಂದು ಚೂಪು ಮಾತ್ರ. ಆ ಮೂಲೆ ಗುಂಡಾದರೆ ಪದವು 'ಅಹೇರ್' ಎಂದಾಗುತ್ತದೆ, ಅಂದರೆ 'ಬೇರೊಬ್ಬ'. ಏಕದೇವೋಪಾಸನೆಯ ಮೂಲವಾಕ್ಯವು ಅದರ ವಿರುದ್ಧಾರ್ಥಕ್ಕೆ ಹೊರಳಲು ಒಂದು ಕೂದಲೆಳೆಯಷ್ಟು ಶಾಯಿ ಸಾಕು. ಈ ಕಾರಣಕ್ಕೇ ಅಲ್ಲಿ ದಾಲೆತ್ ಅನ್ನು ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆಯುವ ಪದ್ಧತಿ ಬಂದಿದೆ ಎಂದು ವಿವರಿಸುವವರಿದ್ದಾರೆ. ಬೇರೆಡೆ ರೇಶ್ ತಪ್ಪಿ ದಾಲೆತ್ ಆಗಿಬಿಟ್ಟರೆ ಹೆಚ್ಚಾದ ಶಾಯಿಯನ್ನು ಕೆರೆದು ಮೂಲೆಯನ್ನು ಗುಂಡಾಗಿಸುವಂತಿಲ್ಲ. ಅಕ್ಷರವು ಬರೆಯುವುದರಿಂದ ಹುಟ್ಟಬೇಕೇ ಹೊರತು ಕೆತ್ತುವುದರಿಂದ ಅಲ್ಲ.

ಒಂದು ಅಕ್ಷರ ಅದೋ ಇದೋ ಎಂಬ ಸಂಶಯ ಬಂದರೆ ಏನು ಮಾಡಬೇಕು? ಯೆಹೂದಿ ಪಂಡಿತರ ಧರ್ಮಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ತೆಫಿಲಿನ್ ಸುರುಳಿಯಲ್ಲಿ 'ಕೊಂದನು' ಎಂಬ ಪದದ ವಾವ್ ಅಕ್ಷರವು ಚರ್ಮದ ತೂತಿನಿಂದ ತುಂಡಾಗಿತ್ತು. ಅದನ್ನು ರಬ್ಬಿ, ಅಂದರೆ ಧರ್ಮಗುರು, ಜೇರಾ ಅವರ ಬಳಿಗೆ ತಂದಾಗ, ತೀರ ಜಾಣನೂ ಅಲ್ಲದ ತೀರ ದಡ್ಡನೂ ಅಲ್ಲದ ಒಂದು ಮಗುವನ್ನು ಕರೆದು ಓದಿಸಿ, ಅದು ಸರಿಯಾಗಿ ಓದಿದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದರು. ಜಾಣ ಮಗು ಅರ್ಥದ ಆಧಾರದಿಂದ ಊಹಿಸಿ ಓದಿಬಿಡುತ್ತದೆ. ಹಾಗಾಗದೆ ಕಂಡದ್ದನ್ನು ಮಾತ್ರ ಓದುವ ಕಣ್ಣು ಬೇಕು. ಇಂದಿಗೂ ಸಂಶಯದ ಅಕ್ಷರವನ್ನು ಮಗುವಿಗೆ ತೋರಿಸಿ ನಿರ್ಧರಿಸುವ ರೂಢಿಯಿದೆ. ಬಿಟ್ಟುಹೋದ ಅಕ್ಷರಗಳನ್ನು ಹುಡುಕಲು ಕಳೆದ ಕೆಲವು ದಶಕಗಳಿಂದ ಕಂಪ್ಯೂಟರ್ ಸ್ಕ್ಯಾನಿಂಗ್ ಕೂಡ ನೆರವಿಗೆ ಬಂದಿದೆ. ಕಣ್ಣಿಗೆ ಕಾಣುವ ದೋಷವನ್ನು ಹೀಗೆ ಒಂದು ಮಗುವೂ ಒಂದು ಯಂತ್ರವೂ ಹಿಡಿಯಬಲ್ಲವು. ಲಿಷ್ಮಾ ಇಲ್ಲದ ದೋಷವನ್ನು ಮಹಾವಿದ್ವಾಂಸನೂ ಹಿಡಿಯಲಾರ.

ಉದ್ದೇಶ ಶಾಯಿಯೊಳಗೆ ಹೇಗೆ ಸೇರುತ್ತದೆ ಎಂದು ನೀವು ಕೇಳಿದ್ದೀರಿ. ತಾಲ್ಮುದ್ ಚರ್ಚಿಸುವ ಒಂದು ಪ್ರಸಂಗವನ್ನು ಬಿಡಿಸಿ ಹೇಳಿದರೆ ಈ ಪ್ರಶ್ನೆಯ ನಿಜವಾದ ತೂಕ ತಿಳಿಯುತ್ತದೆ. ದೇವರ ನಾಲ್ಕಕ್ಷರದ ನಾಮ ಯೋದ್, ಹೇ, ವಾವ್, ಹೇ. 'ಯೆಹೂದಾ' ಎಂಬ ಮನುಷ್ಯನ ಹೆಸರು ಯೋದ್, ಹೇ, ವಾವ್, ದಾಲೆತ್, ಹೇ. ಲಿಪಿಕಾರನೊಬ್ಬ ದೇವರ ನಾಮ ಬರಬೇಕಾದ ಜಾಗದಲ್ಲಿ ಮೈಮರೆತು ಯೆಹೂದಾ ಎಂದು ಬರೆಯಲು ಹೊರಟ. ಹೊರಟವನು ದಾಲೆತ್ ಅನ್ನೂ ಮರೆತ. ಎರಡು ತಪ್ಪು ಸೇರಿ, ಇರಬೇಕಾದ ಜಾಗದಲ್ಲಿ ಇರಬೇಕಾದ ನಾಲ್ಕು ಅಕ್ಷರಗಳೇ ತಪ್ಪಿಲ್ಲದೆ ಬಂದು ಕೂತವು. ಯಾರಿಗೆ ತೋರಿಸಿದರೂ ಅದು ದೇವರ ನಾಮವೇ. ಆದರೂ ಅದು ನಾಮವಲ್ಲ, ಬರೆದವನ ಮನಸ್ಸಿನಲ್ಲಿದ್ದದ್ದು ಯೆಹೂದಾ. ಅದರ ಮೇಲೆ ಮತ್ತೊಮ್ಮೆ ಲೇಖನಿಯಾಡಿಸಿ, ಆಗ ಸರಿಯಾದ ಉದ್ದೇಶವನ್ನು ತಂದುಕೊಂಡರೆ ಪವಿತ್ರವಾಗುತ್ತದೆ ಎಂದು ರಬ್ಬಿ ಯೆಹೂದಾ ಹೇಳಿದರೆ, ಉಳಿದ ಪಂಡಿತರು ಹಾಗೆ ಮಾಡಿದ ನಾಮ ಉತ್ತಮವಾದದ್ದಲ್ಲ ಎಂದರು. ಒಣಗಿದ ಅಕ್ಷರದ ಮೇಲೆ ಆಮೇಲೆ ಉದ್ದೇಶವನ್ನು ಬಳಿಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಉದ್ದೇಶ ಶಾಯಿಯೊಳಗಿನ ರಾಸಾಯನಿಕವಲ್ಲ, ಆ ಶಾಯಿಯಲ್ಲಿ ಮಾಡಿದ ಕೃತ್ಯ ಯಾವುದು ಎಂಬುದನ್ನು ಅದು ನಿರ್ಣಯಿಸುತ್ತದೆ. ಹಣ ಕೊಟ್ಟವನ ಮನಸ್ಸಿನಲ್ಲಿದ್ದದ್ದು ಸಾಲವೋ ದಾನವೋ ಎಂಬುದು ನೋಟಿನ ಮೇಲೆ ಬರೆದಿರುವುದಿಲ್ಲ. ಆದರೂ ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ.

ಮನಸ್ಸು ಚಂಚಲವಾದದ್ದು. ಒಬ್ಬ ಮನುಷ್ಯ ಒಂದು ವರ್ಷದ ಕಾಲ ದಿನವೂ ಕೂತು ಮೂರು ಲಕ್ಷ ಅಕ್ಷರ ಬರೆಯುವಾಗ ಪ್ರತಿ ಅಕ್ಷರದಲ್ಲಿಯೂ ಮನಸ್ಸು ನಿಂತಿತ್ತು ಎಂದು ಹೇಳಲು ಯಾರಿಂದ ಸಾಧ್ಯ? ಈ ತೊಡಕಿಗೆ ಶಾಸ್ತ್ರಕಾರರು ಕಂಡುಕೊಂಡ ದಾರಿ ಬಾಯಿಮಾತು. 1565ರಲ್ಲಿ ವೆನಿಸ್‌ನಲ್ಲಿ ಮೊದಲು ಅಚ್ಚಾದ, ಯೋಸೆಫ್ ಕಾರೋ ಅವರ ಧರ್ಮಸಂಹಿತೆ ಶುಲ್ಹಾನ್ ಆರೂಖ್ ಹೇಳುವುದು ಹೀಗೆ: ಬರೆಯಲು ತೊಡಗುವಾಗ 'ಇದನ್ನು ತೆಫಿಲಿನ್‌ನ ಪಾವಿತ್ರ್ಯಕ್ಕಾಗಿ ಬರೆಯುತ್ತಿದ್ದೇನೆ' ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟು ಸಾಲದು, ದೇವರ ನಾಮ ಬಂದಾಗಲೆಲ್ಲ 'ನಾಮದ ಪಾವಿತ್ರ್ಯಕ್ಕಾಗಿ' ಎಂದು ಮತ್ತೆ ಹೇಳಬೇಕು. ಮೊದಲಲ್ಲಿ ಹೇಳಿದ ಮಾತು ಮುಂದಿನ ಎಲ್ಲ ಅಕ್ಷರಗಳನ್ನೂ ಹೊತ್ತುಕೊಂಡು ಹೋಗುತ್ತದೆ, ನಾಮದ ಹೊತ್ತಿಗೆ ಅದನ್ನು ಹೊಸದು ಮಾಡಿಕೊಳ್ಳಬೇಕು, ಇದು ಅದರ ಭಾವ. ಇದಕ್ಕೆ ಟಿಪ್ಪಣಿ ಬರೆದ ಕ್ರಾಕೋವ್ ನಗರದ ಮೋಶೆ ಇಸ್ಸರ್ಲೆಸ್ ಒಂದು ಮಾತು ಸೇರಿಸಿದ್ದಾರೆ, ನನಗೆ ಅದು ಬಹಳ ಇಷ್ಟ: ತೂಕಡಿಸುವಾಗ ಬರೆಯಬಾರದು, ಆಗ ಉದ್ದೇಶವಿರುವುದಿಲ್ಲ. ಮನುಷ್ಯನ ಮಿತಿಯನ್ನು ಬಲ್ಲವರು ಮಾತ್ರ ಇಂಥ ನಿಯಮವನ್ನು ಬರೆಯಬಲ್ಲರು.

ಯೆರೂಸಲೇಮಿನಲ್ಲಿ ಒಮ್ಮೆ ವಯಸ್ಸಾದ ಸೋಫೆರ್ ಒಬ್ಬರ ಇಳಿಜಾರು ಮೇಜಿನ ಪಕ್ಕ ಕೂರುವ ಭಾಗ್ಯ ನನ್ನದಾಗಿತ್ತು. ಅವರು ಮೊದಲು ಒಂದು ಚೂರು ಚರ್ಮದ ಮೇಲೆ 'ಅಮಾಲೇಕ್' ಎಂದು ಬರೆದು ಅದನ್ನು ಹೊಡೆದುಹಾಕಿದರು. ಇಸ್ರಾಯೇಲ್ಯರ ಹಳೆಯ ಶತ್ರುವಾದ ಅಮಾಲೇಕನ ಹೆಸರನ್ನು ಅಳಿಸಬೇಕೆಂಬ ಬೈಬಲಿನ ಆಜ್ಞೆಯನ್ನು ಲೇಖನಿಯ ಮೊನೆ ಪರೀಕ್ಷಿಸುವ ನೆಪದಲ್ಲಿ ಪಾಲಿಸುವ ಹಳೆಯ ರೂಢಿ ಅದು. ಆಮೇಲೆ ಮೆಜೂಜಾದ ಮೊದಲ ಸಾಲಿಗೆ ಬಂದರು. 'ಶೆಮಾ' ಬರೆದರು. 'ಯಿಸ್ರಾಏಲ್' ಎಂಬುದರಲ್ಲಿ ಕೊನೆಯ ಲಾಮೆದ್ ಒಂದನ್ನು ಬರೆಯದೆ ನಿಲ್ಲಿಸಿದರು. ಏಕೆಂದರೆ ಮುಂದಿನ ಪದವೇ ದೇವರ ನಾಮ. ಆಗಷ್ಟೇ ಶಾಯಿಗೆ ಅದ್ದಿದ ಲೇಖನಿಯನ್ನು ನೇರವಾಗಿ ನಾಮದ ಮೇಲಿಟ್ಟರೆ ಹನಿ ಉದುರಬಹುದು, ಅದ್ದದೆ ಬರೆದರೆ ನಡುವೆಯೇ ಶಾಯಿ ಮುಗಿಯಬಹುದು. ಲೇಖನಿಯನ್ನು ಅದ್ದಿ, ಉಳಿಸಿದ್ದ ಲಾಮೆದ್ ಬರೆದು, ಶಾಯಿ ಹದವಾಗಿ ಇಳಿಯುತ್ತಿದೆ ಎಂದು ಖಚಿತವಾದ ಮೇಲೆ, ತುಟಿಯಲ್ಲೇ 'ಲೆಶೇಮ್ ಕೆದುಷಾತ್ ಹಶೇಮ್', ಅಂದರೆ 'ನಾಮದ ಪಾವಿತ್ರ್ಯಕ್ಕಾಗಿ', ಎಂದು ಹೇಳಿ ನಾಮವನ್ನು ಆರಂಭಿಸಿದರು. ಅದೇ ಹೊತ್ತಿಗೆ ನಾನು ತಿಳಿಯದೆ ಏನನ್ನೋ ಕೇಳಿಬಿಟ್ಟೆ. ಅವರು ತಲೆಯೆತ್ತಲಿಲ್ಲ, ಕೈ ಸನ್ನೆಯನ್ನೂ ಮಾಡಲಿಲ್ಲ. ನಾಲ್ಕನೆಯ ಅಕ್ಷರದ ಎಡಗಾಲು ಮುಗಿದ ಮೇಲೆ ನನ್ನತ್ತ ತಿರುಗಿ ಸಮಾಧಾನದಿಂದ ಉತ್ತರ ಕೊಟ್ಟರು. ನಾಮವನ್ನು ಬರೆಯುತ್ತಿರುವಾಗ ಇಸ್ರೇಲಿನ ಅರಸನೇ ಬಂದು ಕುಶಲ ಕೇಳಿದರೂ ಉತ್ತರಿಸಕೂಡದು ಎಂದು ಯೆಹೂದಿ ಶಾಸ್ತ್ರಕಾರ ಮೈಮೋನಿಡೀಸ್ 12ನೆಯ ಶತಮಾನದಲ್ಲಿ ಬರೆದದ್ದು ನನಗೆ ಓದಿ ಗೊತ್ತಿತ್ತು. ಆ ಮೌನದ ಎದುರು ಕೂತಾಗ ಅದು ತಿಳಿದ ರೀತಿಯೇ ಬೇರೆ.

ಆ ಸಾಲಿನಲ್ಲಿ ಇನ್ನೊಂದು ಬಿಗಿ ಇದೆ. ಮೆಜೂಜಾ ಮತ್ತು ತೆಫಿಲಿನ್ ಅನ್ನು ಅಕ್ಷರಕ್ರಮದಲ್ಲಿಯೇ ಬರೆಯಬೇಕು. ಮುಂದಿನದನ್ನು ಬರೆದ ಮೇಲೆ ಹಿಂದೆ ಬಿಟ್ಟದ್ದನ್ನು ಸೇರಿಸುವಂತಿಲ್ಲ. ಹಿಂದೆ ತಪ್ಪು ಕಂಡರೆ ಅಲ್ಲಿಯವರೆಗೆ ಎಲ್ಲವನ್ನೂ ಅಳಿಸಿಕೊಂಡು ಬಂದು ಮತ್ತೆ ಬರೆಯಬೇಕು. ಆದರೆ ದೇವರ ನಾಮವನ್ನು ಅಳಿಸುವಂತಿಲ್ಲ. ಮೆಜೂಜಾದ ಮೂರನೆಯ ಪದವೇ ನಾಮವಾದ್ದರಿಂದ, ಮೊದಲ ಎರಡು ಪದಗಳಲ್ಲಿನ ತಪ್ಪು 22ನೆಯ ಸಾಲಿನಲ್ಲಿ ಕಣ್ಣಿಗೆ ಬಿದ್ದರೆ ಆ ದಿನದ ದುಡಿಮೆಯೆಲ್ಲ ಹೋದಂತೆ. ಸೇಫೆರ್ ತೋರಾಕ್ಕೆ ಈ ಕ್ರಮದ ನಿಯಮವಿಲ್ಲ, ಅಲ್ಲಿ ಹಿಂದಕ್ಕೆ ಹೋಗಿ ತಿದ್ದಬಹುದು. ಗಾತ್ರದಲ್ಲಿ ಚಿಕ್ಕದಾದದ್ದೇ ಬರೆಯುವವನಿಗೆ ಹೆಚ್ಚು ನಿರ್ದಯವಾಗಿದೆ.

ಲಿಷ್ಮಾ ಬರವಣಿಗೆಯಿಂದ ಆರಂಭವಾಗುವುದೂ ಅಲ್ಲ, ಸುಣ್ಣದ ತೊಟ್ಟಿಯಿಂದಲೇ ಆರಂಭವಾಗುತ್ತದೆ. ಹಸಿ ಚರ್ಮವನ್ನು ಕೂದಲು ಬಿಡಿಸಲು ಸುಣ್ಣದ ನೀರಿಗೆ ಹಾಕುವಾಗಲೇ 'ಸೇಫೆರ್ ತೋರಾದ ಪಾವಿತ್ರ್ಯಕ್ಕಾಗಿ' ಎಂದು ಹೇಳಿ ಹಾಕಬೇಕು. ದುರ್ನಾತದ ಹದಕಾರಿಕೆಯ ಕೊಟ್ಟಿಗೆಯಲ್ಲಿ, ಇನ್ನೂ ಅಕ್ಷರದ ಸುಳಿವೇ ಇಲ್ಲದ ಚರ್ಮಕ್ಕೆ ಆ ಮಾತನ್ನು ಹೇಳಬೇಕೆಂಬುದು ಈ ಸಂಪ್ರದಾಯದ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿಸಿದ ಸಂಗತಿಗಳಲ್ಲೊಂದು. ಇಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಮೆಜೂಜಾದ ಚರ್ಮವನ್ನು ಹದ ಮಾಡುವಾಗ ಲಿಷ್ಮಾ ಬೇಕಿಲ್ಲ ಎಂದು ಮೈಮೋನಿಡೀಸ್ ಹೇಳುತ್ತಾರೆ. ಇಂದಿನ ಲಿಪಿಕಾರರು ಬೇಕೇ ಬೇಕು ಎಂದು ನಡೆದುಕೊಳ್ಳುತ್ತಾರೆ. ಯೆಹೂದಿಯಲ್ಲದ ಕೆಲಸಗಾರ ಹದ ಮಾಡಿದರೆ, ಹೇಳಿ ಮಾಡಿಸಿದ್ದರೂ ಅದು ಸಲ್ಲದೆಂಬುದು ಮೈಮೋನಿಡೀಸ್ ಮತ. ಯೆಹೂದಿಯೊಬ್ಬ ಪಕ್ಕದಲ್ಲಿ ನಿಂತು ಕೈ ಜೋಡಿಸಿದರೆ ಸಲ್ಲುತ್ತದೆಂಬುದು ಅವರ ನಂತರದ ಶಾಸ್ತ್ರಕಾರ ರಬ್ಬಿ ಆಶೇರ್ ಅವರ ಮತ. ಇಲ್ಲಿನ ವಾದ ಆ ಕೆಲಸಗಾರನ ಯೋಗ್ಯತೆಯ ಬಗ್ಗೆಯಲ್ಲ. ಒಬ್ಬನ ಉದ್ದೇಶ ಇನ್ನೊಬ್ಬನ ಕೈಯೊಳಗೆ ಹರಿಯಬಲ್ಲದೇ ಎಂಬುದರ ಬಗ್ಗೆ.

ಈಗ ನಿಮ್ಮ ಪರೀಕ್ಷೆಯ ಪ್ರಶ್ನೆ. ತಾಲ್ಮುದಿನ ಗಿಟ್ಟಿನ್ ಎಂಬ ಭಾಗದಲ್ಲಿ ಒಂದರ ಪಕ್ಕ ಒಂದು ಎರಡು ಪ್ರಸಂಗಗಳಿವೆ. ಲಿಪಿಕಾರನೊಬ್ಬ ರಬ್ಬಿ ಅಮ್ಮಿ ಅವರ ಬಳಿಗೆ ಬಂದು, ತಾನು ಇಂಥವರಿಗೆ ಬರೆದುಕೊಟ್ಟ ಸೇಫೆರ್ ತೋರಾದಲ್ಲಿ ದೇವರ ನಾಮಗಳನ್ನು ಲಿಷ್ಮಾ ಬರೆದಿರಲಿಲ್ಲ ಎಂದು ಒಪ್ಪಿಕೊಂಡ. ಸುರುಳಿ ಈಗ ಯಾರ ಬಳಿಯಿದೆ ಎಂದು ಅವರು ಕೇಳಿದರು. ಕೊಂಡವನ ಬಳಿ ಎಂದ. ಹಾಗಾದರೆ ನಿನ್ನ ಕೂಲಿ ಕಳೆದುಕೊಳ್ಳುವಷ್ಟರ ಮಟ್ಟಿಗೆ ನಿನ್ನ ಮಾತನ್ನು ನಂಬುತ್ತೇವೆ, ಸುರುಳಿಯನ್ನು ಕೆಡಿಸುವಷ್ಟರ ಮಟ್ಟಿಗೆ ನಂಬುವುದಿಲ್ಲ ಎಂದು ತೀರ್ಪಾಯಿತು. ನಾಮಗಳ ಕೂಲಿ ಹೋಗಲಿ, ಇಡೀ ಸುರುಳಿಯ ಕೂಲಿ ಏಕೆ ಹೋಗಬೇಕು ಎಂದು ರಬ್ಬಿ ಯಿರ್ಮಿಯಾ ಕೇಳಿದರು. ನಾಮಗಳು ಲಿಷ್ಮಾ ಇಲ್ಲದ ಸುರುಳಿಗೆ ಬೆಲೆಯೇ ಇಲ್ಲ ಎಂಬುದು ಉತ್ತರ. ಇದಾದ ಮೇಲೆ ಇನ್ನೊಬ್ಬ ಲಿಪಿಕಾರ ರಬ್ಬಿ ಅಬ್ಬಾಹು ಅವರ ಬಳಿಗೆ ಬಂದ. ತಾನು ಬರೆದ ಸುರುಳಿಯ ಚರ್ಮವನ್ನು ಲಿಷ್ಮಾ ಹದ ಮಾಡಿರಲಿಲ್ಲ ಎಂದ. ರಬ್ಬಿ ಅಬ್ಬಾಹು ಅವನ ಮಾತನ್ನು ಪೂರ್ತಿ ನಂಬಿದರು: ಕೂಲಿ ಕಳೆದುಕೊಳ್ಳುವಷ್ಟಕ್ಕೆ ನೀನು ನಂಬಿಗಸ್ತನಾದ್ದರಿಂದ ಸುರುಳಿ ಸಲ್ಲದೆಂಬುದಕ್ಕೂ ನೀನು ನಂಬಿಗಸ್ತ.

ಒಬ್ಬನನ್ನು ಅರ್ಧ, ಇನ್ನೊಬ್ಬನನ್ನು ಪೂರ್ತಿ ನಂಬಿದ್ದೇಕೆ? ತಾಲ್ಮುದ್ ಕೊಡುವ ಕಾರಣ ಸೂಕ್ಷ್ಮವಾದದ್ದು. ಮೊದಲನೆಯವನು ರಬ್ಬಿ ಯಿರ್ಮಿಯಾ ಹಾಗೆಯೇ ಯೋಚಿಸಿರಬಹುದು, ನಾಮಗಳಷ್ಟರ ಕೂಲಿ ಹೋದರೆ ಹೋಗಲಿ ಎಂದು ಲೆಕ್ಕ ಹಾಕಿ ಬಂದಿರಬಹುದು; ಅಷ್ಟು ಕಡಿಮೆ ನಷ್ಟಕ್ಕೆ ಯಾರದೋ ಸುರುಳಿಯನ್ನು ಕೆಡಿಸಲು ಬಿಡಲಾಗದು. ಎರಡನೆಯವನಿಗೆ ಪೂರ್ತಿ ಕೂಲಿ ಹೋಗುವುದು ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದೂ ಬಂದು ಹೇಳಿದ. ತನಗೆ ನಷ್ಟವಾಗುವ ಸತ್ಯವನ್ನು ಹೇಳಿದವನನ್ನು ನಂಬದಿದ್ದರೆ ಇನ್ನಾರನ್ನು ನಂಬುವುದು? ಈ ಎರಡನೆಯವನ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಅವನು ಸುಮ್ಮನಿದ್ದಿದ್ದರೆ ಆ ಸುರುಳಿಯನ್ನು ತಲೆಮಾರುಗಟ್ಟಲೆ ಓದುತ್ತಿದ್ದರು, ಯಾರಿಗೂ ಯಾವ ದೋಷವೂ ಕಾಣುತ್ತಿರಲಿಲ್ಲ.

ಸೋಫೆರ್ ಆಗುವವನಿಗೆ ಅಕ್ಷರದ ಅಂದಕ್ಕಿಂತ ಮೊದಲು ದೈವಭಯ ಇರಬೇಕು ಎಂದು ಹೇಳುವುದು ಇದರಿಂದಲೇ. ಅದು ಅಲಂಕಾರದ ಮಾತಲ್ಲ, ವ್ಯವಸ್ಥೆಗೆ ಬೇರೆ ಆಧಾರವೇ ಇಲ್ಲ. ರಬ್ಬಿ ಮೇಯಿರ್ ತರುಣನಾಗಿದ್ದಾಗ ತನ್ನ ಕಸುಬು ಲಿಪಿಕಾರಿಕೆ ಎಂದಾಗ, ಗುರು ರಬ್ಬಿ ಇಷ್ಮಾಯೇಲ್ 'ಮಗನೇ, ಎಚ್ಚರವಾಗಿರು, ನಿನ್ನ ಕೆಲಸ ಸ್ವರ್ಗದ ಕೆಲಸ. ಒಂದಕ್ಷರ ಬಿಟ್ಟರೆ, ಒಂದಕ್ಷರ ಹೆಚ್ಚಿಸಿದರೆ ಲೋಕವನ್ನೇ ನಾಶಮಾಡಿದಂತೆ' ಎಂದರಂತೆ. ಸುರುಳಿ, ತೆಫಿಲಿನ್, ಮೆಜೂಜಾಗಳನ್ನು ಬರೆಯುವವರು, ಮಾರುವವರು ತಮ್ಮ ದುಡಿಮೆಯಲ್ಲಿ ಏಳಿಗೆ ಕಾಣುವುದಿಲ್ಲ, ಆದರೆ ಲಿಷ್ಮಾ ಮಾಡಿದರೆ ಕಾಣುತ್ತಾರೆ ಎಂದೂ ತಾಲ್ಮುದ್ ಹೇಳುತ್ತದೆ. ಕೂಲಿ ಪಡೆಯುವುದು ತಪ್ಪಲ್ಲ ಎಂಬುದು ಇದರಲ್ಲಿಯೇ ಅಡಗಿದೆ. ಕೂಲಿಗಾಗಿ ಮಾತ್ರ ಬರೆದದ್ದು ಬೇರೆ, ಕೂಲಿ ಪಡೆದು ಲಿಷ್ಮಾ ಬರೆದದ್ದು ಬೇರೆ. ಸಂಪ್ರದಾಯಸ್ಥರಲ್ಲಿ ಈ ಕೆಲಸ ಪುರುಷರದ್ದಾಗಿಯೇ ಉಳಿದಿದೆ. ಉದಾರವಾದಿ ಪಂಗಡಗಳಲ್ಲಿ ಈ ಶತಮಾನದ ಆರಂಭದಿಂದ ಮಹಿಳಾ ಲಿಪಿಕಾರರೂ ಸೇಫೆರ್ ತೋರಾ ಬರೆಯುತ್ತಿದ್ದಾರೆ.

ಯೆಹೂದಿಗಳ ಎಲ್ಲ ಧಾರ್ಮಿಕ ವಸ್ತುಗಳಿಗೂ ಲಿಷ್ಮಾ ಬೇಕೆಂದು ತಿಳಿಯಬೇಡಿ. ಹೊಸವರ್ಷದಲ್ಲಿ ಊದುವ ಟಗರಿನ ಕೊಂಬಿಗೆ, ಹನುಕ್ಕಾ ಹಬ್ಬದ ದೀಪಸ್ತಂಭಕ್ಕೆ ಅದು ಬೇಡ. ಪರ್ಣಶಾಲೆಯ ಹಬ್ಬದ ಗುಡಿಸಲಿನ ಬಗ್ಗೆ ಶಮ್ಮಾಯಿ ಮತ್ತು ಹಿಲ್ಲೆಲ್ ಎಂಬ ಪ್ರಾಚೀನ ಗುರುಗಳ ಪಂಥಗಳಲ್ಲಿ ವಾದವಿತ್ತು. ಹಬ್ಬಕ್ಕೆಂದೇ ಕಟ್ಟದ ಹಳೆಯ ಗುಡಿಸಲೂ ಆಗುತ್ತದೆಂಬ ಹಿಲ್ಲೆಲ್ ಪಂಥದ ಮಾತು ನಿಂತಿತು. ಆದರೆ ಉಡುಪಿನ ಮೂಲೆಗಳಿಗೆ ಕಟ್ಟುವ ತ್ಸಿತ್ಸಿತ್ ಎಂಬ ಕುಚ್ಚಿನ ದಾರವನ್ನು ನೂಲುವಾಗಲೇ 'ತ್ಸಿತ್ಸಿತ್ ಆಜ್ಞೆಗಾಗಿ' ಎಂದು ಹೇಳಿ ನೂಲಬೇಕು. ಕೊಚ್ಚಿಯ ಪರದೇಸಿ ಸಿನಗಾಗಿನಲ್ಲಿ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದಲ್ಲಿ, ಸುರುಳಿಗಳನ್ನು ಬಟ್ಟೆಯ ಹೊದಿಕೆಯ ಬದಲು ಗಟ್ಟಿಯಾದ ಉರುಳೆ ಪೆಟ್ಟಿಗೆಗಳಲ್ಲಿ ಇಡುವುದನ್ನು ನೀವು ಗಮನಿಸಿರಬಹುದು. ಅಂಥ ಪೆಟ್ಟಿಗೆ, ಹೊದಿಕೆಗಳು ಹುಟ್ಟಿನಿಂದ ಪವಿತ್ರವಲ್ಲ. ಪವಿತ್ರವಾದದ್ದನ್ನು ಹೊತ್ತು ಪವಿತ್ರವಾಗುತ್ತವೆ. ತೆಫಿಲಿನ್ ಸುತ್ತಿಡಲೆಂದು ಒಂದು ಬಟ್ಟೆಯನ್ನು ಮೀಸಲಿಟ್ಟು, ಸುತ್ತಿಯೂ ಆಗಿದ್ದರೆ, ಮತ್ತೆ ಅದರಲ್ಲಿ ಚಿಲ್ಲರೆ ದುಡ್ಡು ಕಟ್ಟಿಡಬಾರದು ಎಂದು ತಾಲ್ಮುದ್ ಹೇಳುತ್ತದೆ. ಮೀಸಲಿಟ್ಟು ಸುತ್ತದಿದ್ದರೆ, ಅಥವಾ ಮೀಸಲಿಡದೆ ಒಮ್ಮೆ ಸುತ್ತಿದ್ದರೆ, ದುಡ್ಡು ಕಟ್ಟಬಹುದು. ಉದ್ದೇಶವೊಂದೇ ಸಾಲದು, ಕೃತ್ಯವೊಂದೇ ಸಾಲದು.

ಯಂತ್ರ ಬಂದಾಗ ಈ ಪ್ರಶ್ನೆ ಹೊಸದಾಗಿ ಎದ್ದಿತು. 19ನೆಯ ಶತಮಾನದ ನಡುವೆ ಪಾಸ್ಕ ಹಬ್ಬದ ಹುಳಿಯಿಲ್ಲದ ರೊಟ್ಟಿ ಮಾಡುವ ಯಂತ್ರ ಪೂರ್ವ ಯುರೋಪಿಗೆ ಬಂದಾಗ, 1859ರಲ್ಲಿ ಬ್ರೋಡಿ ಪಟ್ಟಣದ ರಬ್ಬಿ ಶ್ಲೋಮೊ ಕ್ಲೂಗರ್ ಅದನ್ನು ವಿರೋಧಿಸಿದರು, ಲ್ವಿವ್ ನಗರದ ರಬ್ಬಿ ಯೋಸೆಫ್ ಶಾವೂಲ್ ನಾಥನ್ಸನ್ ಸಮರ್ಥಿಸಿದರು. ಬಡವರ ಕೂಲಿ, ಹಿಟ್ಟು ಹುಳಿಯುವ ಭಯ ಇತ್ಯಾದಿ ವಾದಗಳ ಜೊತೆಗೆ, ಗಾಲಿಯನ್ನು ತಿರುಗಿಸಿದವನ ಉದ್ದೇಶ ಗಾಲಿಯಿಂದ ಹೊರಬಿದ್ದ ರೊಟ್ಟಿಗೆ ಅಂಟುತ್ತದೆಯೇ ಎಂಬುದೂ ಅಲ್ಲಿತ್ತು. ರೊಟ್ಟಿಯ ವಿಷಯದಲ್ಲಿ ಇಂದು ಎರಡೂ ಪದ್ಧತಿಗಳಿವೆ. ಬರವಣಿಗೆಯ ವಿಷಯದಲ್ಲಿ ಹಾಗಾಗಲಿಲ್ಲ. ಚರ್ಮದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಕೈಬರಹದಂತೆಯೇ ಕಾಣುವ ಸುರುಳಿ ತಯಾರಿಸಿದಾಗ ಬಹುಪಾಲು ಶಾಸ್ತ್ರಜ್ಞರು ಒಪ್ಪಲಿಲ್ಲ. ಒತ್ತಿದ್ದು ಬರೆದದ್ದಲ್ಲ; ಪುಟವೆಲ್ಲ ಒಂದೇ ಬಾರಿಗೆ ಮೂಡಿದಾಗ ಮೆಜೂಜಾಕ್ಕೆ ಬೇಕಾದ ಅಕ್ಷರಕ್ರಮ ಉಳಿಯುವುದಿಲ್ಲ; ನಾಮದ ಮುಂದೆ ಬಂದು ನಿಂತು, ಹೇಳಿ, ಮುಂದೆ ಹೋಗುವ ಆ ಕ್ಷಣಕ್ಕೆ ಅಲ್ಲಿ ಜಾಗವೇ ಇಲ್ಲ. ನಿಮ್ಮ ಬಳಿಯಿರುವುದಂತೂ ಕಾಗದದ ಮೇಲಿನ ಅಚ್ಚು. ಹಾಗಾಗಿ ಅದನ್ನು ಬಾಗಿಲಿಗೆ ಹೊಡೆದರೂ ಮೆಜೂಜಾ ಹಾಕಬೇಕೆಂಬ ಆಜ್ಞೆಯನ್ನು ಪಾಲಿಸಿದಂತಾಗುವುದಿಲ್ಲ.

ಆದರೆ ದಯವಿಟ್ಟು ಅದನ್ನು ಎಸೆಯಬೇಡಿ. ಮೆಜೂಜಾ ಆಗದಿದ್ದರೂ ಅದರ ಮೇಲೆ ದೇವರ ನಾಮವಿದೆ. ಅಚ್ಚಾದ ಪವಿತ್ರ ಪಠ್ಯವನ್ನೂ ಕಸಕ್ಕೆ ಹಾಕಬಾರದೆಂಬುದೇ ಬಹುಪಾಲು ರಬ್ಬಿಗಳ ಅಭಿಪ್ರಾಯ. ಸವೆದ, ಕೆಟ್ಟ, ಸಲ್ಲದ ಬರಹಗಳನ್ನು ಒಂದು ಕಡೆ ಸಂಗ್ರಹಿಸಿಟ್ಟು ಆಮೇಲೆ ಮಣ್ಣಿನಲ್ಲಿ ಹೂಳುತ್ತಾರೆ. ಈ ಸಂಗ್ರಹಕ್ಕೆ ಗೆನೀಜಾ ಎಂದು ಹೆಸರು. ಕೈರೋ ಬಳಿಯ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನಲ್ಲಿ ಹೂಳದೆ ಶತಮಾನಗಟ್ಟಲೆ ಕೂಡಿಟ್ಟ ಗೆನೀಜಾದಿಂದ 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಒಯ್ದ ತುಣುಕುಗಳೇ ಸುಮಾರು 1,93,000. ಹೀಬ್ರೂ ಲಿಪಿಯಲ್ಲಿ ಬರೆದದ್ದನ್ನು ಎಸೆಯಲು ಕೈ ಬಾರದೆ ಜನ ಅಲ್ಲಿಗೆ ವ್ಯಾಪಾರದ ಕಾಗದಗಳನ್ನೂ ತಂದು ಹಾಕಿದ್ದರು. ಅವುಗಳಲ್ಲಿ ನಮ್ಮ ಮಂಗಳೂರಿನ ಕಾಗದಗಳಿವೆ. 12ನೆಯ ಶತಮಾನದಲ್ಲಿ ಟ್ಯುನೀಷಿಯದ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದು ಹಿತ್ತಾಳೆ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅವನ ಕೆಲಸದಾಳು ಬೊಮ್ಮ ಎಂಬುವನ ಹೆಸರು ಆ ಕಾಗದಗಳಲ್ಲಿ ಬರುತ್ತದೆ. ಏಡನ್ನಿನ ಗೆಳೆಯರು ಇತರ ಸಾಮಾನುಗಳ ಜೊತೆ ಅವನಿಗೆ ಬರೆಯಲು ಕಾಗದವನ್ನೂ ಕಳಿಸುತ್ತಿದ್ದರು. ಅವನು ಬಂದ ಪತ್ರಗಳ ಖಾಲಿ ಜಾಗದಲ್ಲಿಯೂ ಲೆಕ್ಕ, ಪದ್ಯಗಳನ್ನು ಬರೆದುಕೊಳ್ಳುತ್ತಿದ್ದ. ಆ ಲೆಕ್ಕಪತ್ರಗಳನ್ನು ಯಾರೂ ಲಿಷ್ಮಾ ಬರೆದಿರಲಿಲ್ಲ.

ನಿಮ್ಮ ಕಾಗದವನ್ನು ಒಂದು ಶುಭ್ರವಾದ ಬಟ್ಟೆಯಲ್ಲೋ ಲಕೋಟೆಯಲ್ಲೋ ಸುತ್ತಿ, ಮುಂದಿನ ಸಲ ಕೊಚ್ಚಿಗೋ ಮುಂಬಯಿಗೋ ಹೋದಾಗ ಅಲ್ಲಿನ ಸಿನಗಾಗಿನವರ ಕೈಗೆ 'ಇದು ಗೆನೀಜಾಕ್ಕೆ' ಎಂದು ಹೇಳಿ ಕೊಡಿ, ಅವರಿಗೆ ಅರ್ಥವಾಗುತ್ತದೆ. ಡಬ್ಬಿಯನ್ನು ನೆನಪಿಗೆ ಇಟ್ಟುಕೊಳ್ಳಬಹುದು.